ಐರನ್ ಮೇಡನ್ ಮತ್ತು ನಮ್ಮೂರಿನ ಪದ್ಯಪಾಠ

ಇಂಗ್ಲಿಷ್ ಮೇಷ್ಟರಾಗಿದ್ದವನು ಷೇಕ್ಸ್‌ಪಿಯರನ ಬಗ್ಗೆಯೋ ವರ್ಡ್ಸ್‌ವರ್ತನ ಬಗ್ಗೆಯೋ ಬರೆದರೆ ಯಾರಿಗೂ ಆಶ್ಚರ್ಯವಾಗದು. ಉದ್ದ ಕೂದಲು ಬಿಟ್ಟುಕೊಂಡು, ಕಿವಿ ಗಡಚಿಕ್ಕುವಂತೆ ಗಿಟಾರು ನುಡಿಸುವ ಲಂಡನ್ನಿನ ವಾದ್ಯತಂಡವೊಂದರ ಬಗ್ಗೆ ಬರೆಯಹೊರಟರೆ ಮಾತ್ರ, ‘ಅರವತ್ತು ದಾಟಿದ ಮೇಲೆ ಇವರಿಗೆ ಇದೇನು ಬಂತು’ ಎಂದು ನೆಂಟರಿಷ್ಟರು ನಗಬಹುದು. ನಗಲಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಈ ಹೆಸರು ಹೊಸದಲ್ಲ. ಐರನ್ ಮೇಡನ್ ಎಂಬ ಆ ತಂಡಕ್ಕೆ 2025ರ ಕ್ರಿಸ್‌ಮಸ್ಸಿಗೆ ಐವತ್ತು ವರ್ಷ ತುಂಬಿತು. ಪದ್ಯವೆಂಬುದು ಮಕ್ಕಳ ಎದೆಗೆ ಯಾವ ದಾರಿಯಿಂದ ಇಳಿಯುತ್ತದೆ ಎಂಬ ಪ್ರಶ್ನೆ ನನ್ನನ್ನು ಮೂರು ದಶಕ ಕಾಡಿದೆ. ಆ ಪ್ರಶ್ನೆಗೆ ನನಗೆ ದೊರೆತ ಉತ್ತರಗಳಲ್ಲೊಂದು ಈ ತಂಡದ ಮೂಲಕ ದೊರೆಯಿತಾದ್ದರಿಂದ ಇಷ್ಟನ್ನು ಬರೆದಿಡಬೇಕೆನಿಸಿತು.

ಮೊದಲಿಗೆ ಅವರ ಕಥೆ. ಪೂರ್ವ ಲಂಡನ್ನಿನ ಲೇಟನ್ ಎಂಬ ದುಡಿಯುವ ಜನರ ಬಡಾವಣೆಯ ಹುಡುಗ ಸ್ಟೀವ್ ಹ್ಯಾರಿಸ್, 1975ರ ಡಿಸೆಂಬರ್ 25ರಂದು ಈ ತಂಡವನ್ನು ಕಟ್ಟಿದನು. ಕಟ್ಟಡಗಳ ನಕ್ಷೆ ಬರೆಯುವ ಕೆಲಸ ಕಲಿತವನು, ಫುಟ್‌ಬಾಲಿನ ಹುಚ್ಚಿದ್ದವನು. ತಂಡಕ್ಕೆ ಹಳೆಯ ಕಾಲದ ಚಿತ್ರಹಿಂಸೆಯ ಉಪಕರಣವೊಂದರ ಹೆಸರನ್ನಿಟ್ಟನು. ಸ್ಟ್ರಾಟ್‌ಫರ್ಡಿನ ‘ಕಾರ್ಟ್ ಅಂಡ್ ಹಾರ್ಸಸ್’ ಎಂಬ ಮದ್ಯದಂಗಡಿಯ ಮೂಲೆಯಲ್ಲಿ ನುಡಿಸುತ್ತ ಆರಂಭಿಸಿದ ಈ ಹುಡುಗರು 1979ರಲ್ಲಿ ಮೂರೇ ಹಾಡುಗಳ ಒಂದು ತಟ್ಟೆಯನ್ನು ತಾವೇ ಹೊರತಂದು, ಐದು ಸಾವಿರ ಪ್ರತಿಗಳನ್ನು ಅಂಚೆಯ ಮೂಲಕ ಮಾರಿಕೊಂಡರು. ಮೊದಲ ಪೂರ್ಣ ಆಲ್ಬಮ್ ಬಂದದ್ದು 1980ರ ಏಪ್ರಿಲಿನಲ್ಲಿ. ಮರುವರ್ಷ ಬ್ರೂಸ್ ಡಿಕಿನ್ಸನ್ ಎಂಬ ಗಾಯಕ ಬಂದು ಸೇರಿದನು. ಲಂಡನ್ನಿನ ಕಾಲೇಜೊಂದರಲ್ಲಿ ಇತಿಹಾಸ ಓದಿದವನು. ಅವನ ಕಂಠದೊಡನೆ 1982ರಲ್ಲಿ ಬಂದ ಮೂರನೆಯ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಈ ಏಳಿಗೆಯಲ್ಲಿ ನನಗೆ ಮೆಚ್ಚಿಗೆಯಾದ ಸಂಗತಿಯೊಂದಿದೆ. ರೇಡಿಯೋದವರು ಇವರ ಹಾಡುಗಳನ್ನು ಹಾಕುತ್ತಿದ್ದುದು ಬಲು ಕಡಿಮೆ. ಇವರು ಊರೂರು ಸುತ್ತಿ, ಜನರೆದುರು ನಿಂತು ಹಾಡಿಯೇ ದೊಡ್ಡವರಾದರು. 1984ರಲ್ಲಿ ಹೊರಟ ಒಂದು ತಿರುಗಾಟ ಅಂದಿನ ಕಮ್ಯುನಿಸ್ಟ್ ಪೋಲೆಂಡಿನಿಂದ ಮೊದಲಾಗಿ ಹನ್ನೊಂದು ತಿಂಗಳಲ್ಲಿ 180ಕ್ಕೂ ಮಿಕ್ಕಿ ಪ್ರದರ್ಶನಗಳನ್ನು ಕಂಡಿತು. ನಮ್ಮ ಕಡೆಯ ಯಕ್ಷಗಾನ ಮೇಳಗಳ ತಿರುಗಾಟ ಬಲ್ಲವರಿಗೆ ಈ ಬಗೆಯ ದುಡಿಮೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಹಾಡುಗಳ ವಿಚಾರ. ರಾಕ್ ಸಂಗೀತವೆಂದರೆ ಪ್ರೇಮ, ಮದ್ಯ, ಮೋಜು ಎಂದು ಬಹುಮಂದಿ ತಿಳಿದಿರುತ್ತಾರೆ. ಈ ತಂಡದ ಹಾಡುಗಳ ಪಟ್ಟಿಯನ್ನು ಮುಂದಿಟ್ಟುಕೊಂಡರೆ ಅದು ಶಾಲೆಯ ಗ್ರಂಥಾಲಯದ ಸೂಚಿಯಂತೆ ಕಾಣುತ್ತದೆ. 1983ರ ‘ದ ಟ್ರೂಪರ್’ ಎಂಬ ಹಾಡಿನ ವಸ್ತು ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರಿನಲ್ಲಿ, ಫಿರಂಗಿಗಳೆದುರು ನುಗ್ಗಿ ನಾಶವಾದ ಕುದುರೆಸವಾರರ ಪಡೆ. ಟೆನಿಸನ್ ಕವಿ ಆ ಪಡೆಯನ್ನು ಹೊರಗೆ ನಿಂತು ಕೊಂಡಾಡಿದ್ದನು. ಇವರು ಸಾಯುತ್ತಿರುವ ಒಬ್ಬ ಸವಾರನ ಬಾಯಿಂದಲೇ ಹೇಳಿಸಿದರು. ‘ರನ್ ಟು ದ ಹಿಲ್ಸ್’ ಹಾಡಿನಲ್ಲಿ ಅಮೆರಿಕದ ಮೂಲನಿವಾಸಿಗಳ ಮೇಲಾದ ದಾಳಿಯನ್ನು ಮೊದಲು ಅವರ ಕಣ್ಣಿನಿಂದ, ಬಳಿಕ ದಾಳಿಕೋರರ ಕಣ್ಣಿನಿಂದ ತೋರಿಸುತ್ತಾರೆ. ಅಲೆಕ್ಸಾಂಡರನ ಮೇಲೊಂದು ದೀರ್ಘ ಗೀತೆಯಿದೆ. ಅವನ ಸೈನ್ಯ ಭಾರತದೊಳಕ್ಕೆ ಮುಂದುವರಿಯಲು ಒಪ್ಪದಿದ್ದುದನ್ನೂ ಅದು ಮರೆತಿಲ್ಲ. 1986ರಲ್ಲಿ ಮುದ್ರಿಸಿದ ಈ ಗೀತೆಯನ್ನು ವೇದಿಕೆಯ ಮೇಲೆ ಮೊದಲ ಬಾರಿಗೆ ಹಾಡಿದ್ದು 2023ರಲ್ಲಿ! ಎಡ್ಗರ್ ಅಲನ್ ಪೋ, ಆಲ್ಡಸ್ ಹಕ್ಸ್‌ಲಿ, ವಿಲಿಯಂ ಗೋಲ್ಡಿಂಗ್ ಇವರ ಕೃತಿಗಳೆಲ್ಲ ಹಾಡುಗಳಿಗೆ ಹೆಸರನ್ನೋ ವಸ್ತುವನ್ನೋ ಕೊಟ್ಟಿವೆ. 2015ರ ಆಲ್ಬಮ್ಮಿನಲ್ಲಿ ಹದಿನೆಂಟು ನಿಮಿಷಗಳ ಒಂದು ಗೀತೆ, 1930ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಕರಾಚಿಗೆಂದು ಹೊರಟು ಫ್ರಾನ್ಸಿನಲ್ಲಿ ಉರಿದು ಬಿದ್ದ ಆರ್-101 ಎಂಬ ವಾಯುನೌಕೆಯ ದುರಂತ ಕಥನ. ಅದರಲ್ಲಿದ್ದ 54 ಮಂದಿಯಲ್ಲಿ 48 ಮಂದಿ ಮಡಿದರು. ಪಾಠಪುಸ್ತಕಗಳಲ್ಲಿ ಒಂದು ಸಾಲೂ ಕಾಣದ ಘಟನೆ ಒಂದು ಹಾಡಿನಿಂದಾಗಿ ಎಷ್ಟೋ ದೇಶಗಳ ಹುಡುಗರ ಬಾಯಿಗೆ ಬಂದಿತು.

ಇವೆಲ್ಲಕ್ಕೂ ಕಳಶಪ್ರಾಯವಾದದ್ದು 1984ರ ‘ಪವರ್‌ಸ್ಲೇವ್’ ಆಲ್ಬಮ್ಮಿನ ಕೊನೆಯ ಗೀತೆ. ಕೋಲ್‌ರಿಜ್ ಕವಿಯ 1798ರ ಕಥನಕವನ ‘ದ ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’ ಅನ್ನು ಹ್ಯಾರಿಸ್ ಸುಮಾರು ಹದಿಮೂರೂವರೆ ನಿಮಿಷಗಳ ಹಾಡಾಗಿಸಿದನು. ಕವನವನ್ನು ನಾನು ಬಿ.ಎ. ತರಗತಿಯಲ್ಲಿ ಓದಿದ್ದೆ, ಬಿಡುವಿನ ಪೀರಿಯಡ್ಡುಗಳಲ್ಲಿ ಅದರ ಕಥೆಯನ್ನು ಮಕ್ಕಳಿಗೆ ಹೇಳುತ್ತಿದ್ದೆ. ನೆನಪಿದೆಯೆ? ಮದುವೆಗೆ ಹೊರಟವನೊಬ್ಬನನ್ನು ಮುದಿ ನಾವಿಕ ತಡೆದು ನಿಲ್ಲಿಸುತ್ತಾನೆ. ದಕ್ಷಿಣದ ಹಿಮದೊಳಗೆ ಸಿಲುಕಿದ ಹಡಗಿಗೆ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯೊಂದು ಜೊತೆಯಾಗುತ್ತದೆ, ಗಾಳಿ ಒದಗುತ್ತದೆ, ಹಡಗು ಸಾಗುತ್ತದೆ. ಕಾರಣವೇ ಇಲ್ಲದೆ ನಾವಿಕ ಆ ಹಕ್ಕಿಯನ್ನು ಬಾಣದಿಂದ ಹೊಡೆದು ಕೊಲ್ಲುತ್ತಾನೆ. ಗಾಳಿ ನಿಲ್ಲುತ್ತದೆ, ನಾಲಗೆ ಒಣಗುತ್ತದೆ, ಜೊತೆಗಾರರು ಸತ್ತ ಹಕ್ಕಿಯನ್ನು ಅವನ ಕೊರಳಿಗೇ ಕಟ್ಟುತ್ತಾರೆ. ಆಮೇಲೆ ಅವರೆಲ್ಲರೂ ಸಾಯುತ್ತಾರೆ. ಒಂದು ರಾತ್ರಿ ನೀರಿನಲ್ಲಿ ಹೊಳೆಯುವ ಹಾವುಗಳ ಚೆಲುವನ್ನು ಕಂಡು ಅವನ ಮನಸ್ಸು ಅರಿಯದೆಯೇ ಅವುಗಳನ್ನು ಹರಸಿದಾಗ, ಕೊರಳ ಭಾರ ತಾನಾಗಿ ಕಳಚಿ ಬೀಳುತ್ತದೆ. ಅಂದಿನಿಂದ ಊರೂರು ಅಲೆದು ಈ ಕಥೆಯನ್ನು ಹೇಳುತ್ತಲೇ ಇರಬೇಕೆಂಬುದು ಅವನಿಗೆ ವಿಧಿಸಿದ ಪ್ರಾಯಶ್ಚಿತ್ತ.

ಐರನ್ ಮೇಡನ್ನಿನ ಹಾಡು ಈ ಕಥೆಯ ಮುಖ್ಯ ಮೆಟ್ಟಿಲುಗಳೆಲ್ಲವನ್ನೂ ಕ್ರಮವಾಗಿ ಏರುತ್ತದೆ. ಎರಡು ಕಡೆ ಕೋಲ್‌ರಿಜನ ಸಾಲುಗಳನ್ನೇ ಇದ್ದಕ್ಕಿದ್ದಂತೆ ಇಟ್ಟಿದ್ದಾರೆ. ನಡುವೆ ಗಾಳಿ ನಿಂತ ಸನ್ನಿವೇಶ ಬಂದಾಗ ಅಬ್ಬರವೆಲ್ಲ ಅಡಗಿ, ಹಡಗಿನ ಮರ ಕಿರುಗುಟ್ಟುವ ಸದ್ದು, ಹ್ಯಾರಿಸನ ಮಂದ್ರದ ತಂತಿ ಇವಿಷ್ಟೇ ಉಳಿಯುತ್ತವೆ. ಪದ್ಯದ ಅರ್ಥ ಬಲ್ಲವನು ಮಾತ್ರ ಇಂಥ ಜಾಗದಲ್ಲಿ ಸುಮ್ಮನಾಗಬಲ್ಲ.

ಈ ಹಾಡನ್ನು ನನಗೆ ಕೇಳಿಸಿದವನು ನನ್ನದೇ ತರಗತಿಯ ಒಬ್ಬ ಹುಡುಗ. 2003–04ರ ಎಸ್ಸೆಸ್ಸೆಲ್ಸಿ ತಂಡದವನು. ಬೆಂಗಳೂರಿನಲ್ಲಿದ್ದ ಅವನ ದೊಡ್ಡಪ್ಪನ ಮಗ ಕೊಟ್ಟ ಕ್ಯಾಸೆಟ್ಟೊಂದನ್ನು ಹಿಡಿದು, ‘ಸರ್, ನೀವು ಹೇಳಿದ ಹಕ್ಕಿಯ ಕಥೆ ಇದರಲ್ಲಿದೆ’ ಎಂದು ಸ್ಟಾಫ್‌ರೂಮಿನ ಬಾಗಿಲಿಗೆ ಬಂದನು. ಇಂಗ್ಲಿಷಿನಲ್ಲಿ ಅವನು ಸಾಧಾರಣ. ಗ್ರಾಮರಿನಲ್ಲಿ ಸಾಧಾರಣಕ್ಕಿಂತ ಕಡಿಮೆ. ಆದರೆ ಆ ಹಾಡನ್ನು ಕೇಳಿ ಕೇಳಿ, ಪದಕೋಶ ಹುಡುಕಿ, ನೋಟುಪುಸ್ತಕದಲ್ಲಿ ಇಡೀ ಗೀತೆಯನ್ನು ಬರೆದುಕೊಂಡಿದ್ದನು. ತಪ್ಪುಗಳಿದ್ದುವು. ತಿದ್ದಿಕೊಟ್ಟೆ. ‘ಮೂಲ ಪದ್ಯ ಬೇಕು ಸರ್’ ಎಂದನು. ಹದಿನೈದು ವರ್ಷದ ಹುಡುಗನೊಬ್ಬ ತಾನಾಗಿ ಬಂದು ಕೋಲ್‌ರಿಜನನ್ನು ಕೇಳಿದ್ದು ನನ್ನ ಸೇವಾವಧಿಯಲ್ಲಿ ಅದೊಂದೇ ಸಲ.

ಅವನ ಮನೆಯಲ್ಲಿ ಮಾತ್ರ ದೊಡ್ಡ ರಂಪವೇ ಆಗಿತ್ತು. ತಂದೆ ತುಂಗೆಯ ದಡದಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದ ಸಾತ್ತ್ವಿಕರು. ಕ್ಯಾಸೆಟ್ಟಿನ ಹೊದಿಕೆಯ ಮೇಲಿದ್ದ ಭೂತಾಕಾರವನ್ನು ಕಂಡು ಬೆಚ್ಚಿದರು. ಪರೀಕ್ಷೆಯ ವರ್ಷ ಬೇರೆ. ಕ್ಯಾಸೆಟ್ಟುಗಳನ್ನೂ ಟೇಪ್‌ರೆಕಾರ್ಡರನ್ನೂ ಕಿತ್ತುಕೊಂಡು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಮಗ ಮಾತು ಬಿಟ್ಟನು. ಒಂದೇ ಹಂಚಿನ ಕೆಳಗೆ ತಂದೆಮಕ್ಕಳಿಬ್ಬರು ಎರಡು ತಿಂಗಳು ಮಾತಿಲ್ಲದೆ ಉಂಡೆದ್ದರು. ತಾಯಿ ಶಾಲೆಗೆ ಬಂದು ಅತ್ತಾಗ ನನಗೆ ವಿಷಯ ತಿಳಿಯಿತು.

ತಂದೆಯ ಭಯ ನನಗೆ ಅರ್ಥವಾಗುತ್ತಿತ್ತು. 1982ರಲ್ಲಿ ಅಮೆರಿಕದ ಕೆಲವು ಧಾರ್ಮಿಕ ಗುಂಪುಗಳು ಇದೇ ತಂಡವನ್ನು ಸೈತಾನನ ಆರಾಧಕರೆಂದು ದೂರಿ ಅವರ ತಟ್ಟೆಗಳನ್ನು ಸುಟ್ಟಿದ್ದವು. ವಿವಾದಕ್ಕೆ ಗುರಿಯಾದ ಆ ಗೀತೆ ತನ್ನ ದುಃಸ್ವಪ್ನವೊಂದರಿಂದಲೂ ರಾಬರ್ಟ್ ಬರ್ನ್ಸ್ ಕವಿಯ ‘ಟ್ಯಾಮ್ ಓ ಶಾಂಟರ್’ ಎಂಬ ಕಥನಕವನದಿಂದಲೂ ಹುಟ್ಟಿತೆಂದು ಹ್ಯಾರಿಸ್ ಹೇಳಿಕೊಂಡಿದ್ದಾನೆ. ಮಕ್ಕಳ ವಿಷಯದಲ್ಲಿ ಈ ಭಯ ಎಲ್ಲ ಕಾಲದ್ದು. ನಮ್ಮ ಜಿಲ್ಲೆಯವರೇ ಆದ ಕುವೆಂಪು ಅವರು ಬ್ರೌನಿಂಗನ ಪದ್ಯವನ್ನು ಕನ್ನಡಕ್ಕೆ ಒಗ್ಗಿಸಿ ಬರೆದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನೀವೆಲ್ಲ ಬಾಯಿಪಾಠ ಮಾಡಿದವರು. ಬೇರೆ ಊರಿನ ವಾದ್ಯವೊಂದು ಬಂದು ನಮ್ಮ ಮಕ್ಕಳನ್ನು ಕರೆದೊಯ್ದುಬಿಟ್ಟರೆ ಎಂಬ ದಿಗಿಲು ಹೆತ್ತವರ ಹೊಟ್ಟೆಯೊಳಗೆ ಸದಾ ಇರುವಂಥದೇ.

ನಾನು ಅವರ ಮನೆಗೆ ಹೋದೆ. ಉಪದೇಶ ಮಾಡಲಿಲ್ಲ. ಹೊದಿಕೆಯ ಮೇಲಿನ ಭೂತಕ್ಕೆ ಎಡ್ಡಿ ಎಂದು ಹೆಸರು, ಡೆರೆಕ್ ರಿಗ್ಸ್ ಎಂಬ ಚಿತ್ರಕಾರ ಬರೆದದ್ದು, ಕಾರ್ಯಕ್ರಮಗಳಲ್ಲಿ ಅದು ಆಳೆತ್ತರ ಮೀರಿದ ಬೊಂಬೆಯಾಗಿ ರಂಗಕ್ಕೆ ಬರುತ್ತದೆ ಎಂದೆ. ‘ಬಣ್ಣದ ವೇಷ ಅನ್ನಿ’ ಎಂದರು ಅವರು. ಅಷ್ಟರಲ್ಲಿಯೇ ಅರ್ಧ ಬಿಗು ಸಡಿಲಿತು. ಚಿಕ್ಕಂದಿನಲ್ಲಿ ಯಕ್ಷಗಾನದ ರಕ್ಕಸ ಅಬ್ಬರಿಸುತ್ತ ಬಂದಾಗ ತಾಯಿಯ ಸೆರಗಿನಲ್ಲಿ ಅವಿತವರು, ಮರುದಿನ ಅದೇ ರಕ್ಕಸನ ಕುಣಿತವನ್ನು ಅಂಗಳದಲ್ಲಿ ಕುಣಿದವರು ನಾವೆಲ್ಲ. ಬಳಿಕ ಹಕ್ಕಿಯ ಕಥೆಯನ್ನು ಹೇಳಿದೆ. ಅವರು ಗಮಕ ಕೇಳಿ ಬೆಳೆದ ಮನುಷ್ಯ. ಹಕ್ಕಿಯನ್ನು ಕೊಂದಲ್ಲಿಗೆ ಬರುತ್ತಿದ್ದಂತೆ, ‘ಇದು ಕ್ರೌಂಚದ ಕಥೆಯಾಯಿತಲ್ಲ’ ಎಂದು ನೆಟ್ಟಗೆ ಕುಳಿತರು. ಬೇಡನೊಬ್ಬ ಕ್ರೌಂಚಪಕ್ಷಿಯನ್ನು ಹೊಡೆದಾಗ ಹುಟ್ಟಿದ ಶೋಕದಿಂದಲ್ಲವೆ ವಾಲ್ಮೀಕಿಗೆ ಶ್ಲೋಕ ಒದಗಿದ್ದು! ನಮ್ಮ ಮಂಡಗದ್ದೆಯ ನಡುಗಡ್ಡೆಗೆ ಮಳೆಗಾಲದಲ್ಲಿ ಬಂದು ಗೂಡುಕಟ್ಟುವ ಬೆಳ್ಳಕ್ಕಿಗಳನ್ನು ನೋಡುತ್ತ ಬಾಳಿದವರಿಗೆ, ನಿಷ್ಕಾರಣವಾಗಿ ಹಕ್ಕಿಯನ್ನು ಕೊಂದವನ ಕೊರಳಿಗೆ ಆ ಹಕ್ಕಿಯೇ ಭಾರವಾಗುವ ಮಾತು ಬೇಗ ಅರ್ಥವಾಗುತ್ತದೆ.

ಅವರು ಕೂಡಲೇ ಪೆಟ್ಟಿಗೆಯ ಬೀಗ ತೆಗೆಯಲಿಲ್ಲ. ಅದು ಅಡಿಕೆ ಸುಲಿಯುವ ಕಾಲ. ರಾತ್ರಿ ಮೆಟ್ಟುಗತ್ತಿಗಳ ಮುಂದೆ ಹತ್ತು ಜನ ಕುಳಿತು ಸುಲಿಯುವಾಗ ನಿದ್ದೆ ಹತ್ತದಿರಲೆಂದು ಯಾರಾದರೂ ಕಥೆ ಹೇಳುವುದು ಮಲೆನಾಡಿನ ವಾಡಿಕೆ. ಒಂದು ರಾತ್ರಿ ತಂದೆಯೇ ಮಗನತ್ತ ತಿರುಗಿ, ‘ಆ ನಾವಿಕನ ಕಥೆ ಹೇಳು ನೋಡೋಣ’ ಎಂದರಂತೆ. ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಹುಡುಗ ಹಾಡಿನಿಂದ ಕಲಿತ ಕಥೆಯನ್ನು ಕನ್ನಡದಲ್ಲಿ ಹೇಳಿದನು. ಸುಲಿಯಲು ಬಂದಿದ್ದ ಹೆಂಗಸೊಬ್ಬರು, ‘ಆಮೇಲೆ ಆ ಮುದುಕನಿಗೆ ಊರು ಸಿಕ್ಕಿತಾ?’ ಎಂದು ಕೇಳಿದರಂತೆ. ಮಾರನೆಯ ದಿನ ಪೆಟ್ಟಿಗೆಯ ಬೀಗ ತೆಗೆಯಿತು. ಸಂಗೀತವನ್ನು ಆ ತಂದೆ ಕೊನೆಯವರೆಗೂ ಇಷ್ಟಪಡಲಿಲ್ಲ, ಅದು ಬೇರೆ ಮಾತು. ನನಗೂ ಅದರ ಅಬ್ಬರ ಪೂರ್ತಿ ಒಗ್ಗಿದೆಯೆಂದು ಹೇಳಲಾರೆ. ಆದರೂ ಮಳೆಗಾಲದಲ್ಲಿ ಅಣೆಕಟ್ಟಿನ ಬಾಗಿಲುಗಳನ್ನು ತೆರೆದಾಗ ತುಂಗೆ ಭೋರ್ಗರೆಯುವುದನ್ನು ಕೇಳುತ್ತ ಮಲಗುವ ಗಾಜನೂರಿನವನು ಸದ್ದಿನ ಬಗ್ಗೆ ದೂರುವುದು ಅಷ್ಟು ಉಚಿತವಲ್ಲ.

ಮುಂದೆ ಈ ತಂಡ ನಮ್ಮ ರಾಜ್ಯಕ್ಕೇ ಬಂದಿತು. ಆ ವರ್ಷಗಳಲ್ಲಿ ಬೆಂಗಳೂರಿನ ಅರಮನೆ ಮೈದಾನ ಇಂಥ ಸಂಗೀತಗಾರರಿಗೆ ಭಾರತದ ಹೆಬ್ಬಾಗಿಲಿನಂತಿತ್ತು. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಅಲ್ಲಿ ಹಾಡಿದ್ದರು. 2007ರ ಮಾರ್ಚ್ 17ರಂದು ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿಗೆ ಹಾಡಿದ್ದೂ ಅಲ್ಲಿಯೇ. ಅಂದು ಅವರಿಗಿಂತ ಮುಂಚೆ ನುಡಿಸಿದ ದೆಹಲಿಯ ‘ಪರಿಕ್ರಮ’ ತಂಡಕ್ಕೆ ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸುವ ಅವಕಾಶ ದೊರೆಯಿತು. 2008ರಿಂದ ತಂಡವು ತನ್ನದೇ ಬೋಯಿಂಗ್ 757 ವಿಮಾನದಲ್ಲಿ ಲೋಕ ಸುತ್ತತೊಡಗಿತು. ವಿಮಾನ ನಡೆಸುತ್ತಿದ್ದವನು ಗಾಯಕ ಡಿಕಿನ್ಸನ್. ಅವನು ಪರವಾನಗಿ ಪಡೆದ ವೃತ್ತಿಪರ ಪೈಲಟ್. ಆ ಸುತ್ತಿನಲ್ಲಿ ಮುಂಬಯಿಗೆ ಬಂದುಹೋದವರು 2009ರ ಫೆಬ್ರವರಿ 15ರ ಭಾನುವಾರ ಪುನಃ ಬೆಂಗಳೂರಿಗೆ ಬಂದರು.

ಆ ಸಲ ಅವರ ಪಟ್ಟಿಯಲ್ಲಿ ನಾವಿಕನ ಹಾಡೂ ಇತ್ತು. ಅಷ್ಟರಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಹುಡುಗ ತೋಟದ ಕೆಲಸದಲ್ಲಿ ತಾನೇ ದುಡಿದು ಕೂಡಿಸಿದ ಹಣದಿಂದ ಟಿಕೆಟ್ಟು ಕೊಂಡು, ಶಿವಮೊಗ್ಗದಿಂದ ರಾತ್ರಿಯ ರೈಲು ಹತ್ತಿ ಹೋಗಿಬಂದನು. ಬಂದವನು ನನಗೆ ಹೇಳಿದ ಮಾತು ಇಷ್ಟು: ‘ಸರ್, ಹಡಗು ನಿಂತುಹೋಗುವ ಭಾಗ ಬಂದಾಗ ಅಷ್ಟು ಜನರೂ ಸುಮ್ಮನಾದರು. ಪದ್ಯ ಓದುವುದನ್ನು ಅಷ್ಟು ಜನ ಒಟ್ಟಿಗೆ ಕೇಳುವುದನ್ನು ನಾನು ಎಲ್ಲಿಯೂ ನೋಡಿಲ್ಲ.’ ನಲವತ್ತು ಮಕ್ಕಳ ತರಗತಿಯಲ್ಲಿ ನಲವತ್ತು ನಿಮಿಷ ನಿಶ್ಶಬ್ದ ತರಲು ಮೇಜು ಗುದ್ದಿ ಗಂಟಲು ಹರಿದುಕೊಂಡವನಿಗೆ ಈ ಮಾತಿನ ತೂಕ ಗೊತ್ತು.

ತಂಡದ ಪರಂಪರೆ ಎಂದರೆ ಮಾರಾಟವಾದ ತಟ್ಟೆಗಳ ಲೆಕ್ಕವನ್ನೇ ಹೇಳುವವರುಂಟು. ನಾನು ಬೇರೆ ಲೆಕ್ಕ ಹಾಕುತ್ತೇನೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಕ್ರಿಪ್ಟೋಸ್’ ಎಂಬ ತಂಡ ಇದೇ ಬಗೆಯ ಸಂಗೀತವನ್ನು ಸಾಧಿಸಿ 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕೆನ್ ಉತ್ಸವದಲ್ಲಿ ನುಡಿಸಿತು. ಬೇರೆ ದಾರಿ ಹಿಡಿದ ಮೈಸೂರಿನ ರಘು ದೀಕ್ಷಿತರು 2008ರಲ್ಲಿ ಹೊರತಂದ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ಪದಕ್ಕೆ ಗಿಟಾರು ಜೋಡಿಸಿ, ತತ್ತ್ವಪದವೆಂದರೆ ಏನೆಂದು ಅರಿಯದ ಎಷ್ಟೋ ಯುವಕರ ಬಾಯಲ್ಲಿ ಅದನ್ನು ನಿಲ್ಲಿಸಿದರು. ಒಂದು ಕಾಲದ ಪದವನ್ನು ಇನ್ನೊಂದು ಕಾಲದ ಕಂಠಕ್ಕೆ ದಾಟಿಸುವ ಕೆಲಸ ಇದು. 1920ರ ದಶಕದಲ್ಲಿ ಬಿ.ಎಂ.ಶ್ರೀ. ಅವರು ‘ಇಂಗ್ಲಿಷ್ ಗೀತಗಳು’ ಮೂಲಕ ಮಾಡಿದ್ದೂ ದಾಟಿಸುವ ಕೆಲಸವೇ.

ಮನುಷ್ಯರು ಮಾತ್ರ ಉಳಿಯುವುದಿಲ್ಲ. ಆರಂಭದ ಆಲ್ಬಮ್ಮುಗಳಲ್ಲಿ ಡೋಲು ಬಾರಿಸಿದ ಕ್ಲೈವ್ ಬರ್ 2013ರಲ್ಲಿ ತೀರಿಕೊಂಡನು. ಮೊದಲ ಎರಡು ಆಲ್ಬಮ್ಮುಗಳ ಗಾಯಕ ಪಾಲ್ ಡಿಆನೊ 2024ರಲ್ಲಿ. ನಾಲ್ಕು ವರ್ಷ ಕಡಿಮೆ ಅರವತ್ತಕ್ಕೆ ನಾಲಗೆಯ ಬುಡದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಡಿಕಿನ್ಸನ್, ಗುಣಮುಖನಾಗಿ ಮತ್ತೆ ಅದೇ ಎತ್ತರದ ಸ್ಥಾಯಿಯಲ್ಲಿ ಹಾಡಿದನು. ನಾಲ್ಕು ದಶಕ ಡೋಲು ನುಡಿಸಿದ ನಿಕೊ ಮೆಕ್‌ಬ್ರೈನ್ 2024ರ ಡಿಸೆಂಬರಿನಲ್ಲಿ ತಿರುಗಾಟದಿಂದ ನಿವೃತ್ತನಾದನು. ಅವನ ಜಾಗದಲ್ಲಿ ಬೇರೊಬ್ಬನನ್ನು ಕೂರಿಸಿಕೊಂಡು ತಂಡ 2025ರಲ್ಲಿ ಐವತ್ತರ ತಿರುಗಾಟಕ್ಕೆ ಹೊರಟಿತು.

ಇಷ್ಟು ಬರೆಯುವಾಗ ನನ್ನ ಮನಸ್ಸು ಪದೇ ಪದೇ ಹೊಸಹಳ್ಳಿಯ ಕಡೆಗೆ ಹರಿಯುತ್ತದೆ. ನಮ್ಮ ಗಾಜನೂರಿನ ಅಣೆಕಟ್ಟಿನಿಂದ ಕೆಳಗೆ ಹರಿದ ಅದೇ ತುಂಗೆಯ ದಡದಲ್ಲಿ, ಮತ್ತೂರಿನ ಎದುರಿಗೆ ಇರುವ ಊರು ಅದು. ಕುಮಾರವ್ಯಾಸನನ್ನು ರಾಗವಾಗಿ ವಾಚಿಸಿ, ಪಕ್ಕದಲ್ಲೊಬ್ಬರು ವ್ಯಾಖ್ಯಾನಿಸುವ ಗಮಕ ಕಲೆಗೆ ಅದು ತವರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಓದು ಬಾರದವರೂ ಕರ್ಣನ ಅವಸಾನಕ್ಕೆ ಕಣ್ಣೀರಿಡುತ್ತಿದ್ದುದು ಇಂಥವರ ಕಂಠದಿಂದ. ಪುಸ್ತಕದೊಳಗೆ ಮಲಗಿದ್ದ ಕಾವ್ಯ ಎದ್ದು ಕುಳಿತುಕೊಳ್ಳಬೇಕಾದರೆ ಯಾರಾದರೂ ಅದಕ್ಕೆ ತಮ್ಮ ಉಸಿರು ಕೊಡಬೇಕು. ಪೂರ್ವ ಲಂಡನ್ನಿನ ಹುಡುಗರು ಕೋಲ್‌ರಿಜನಿಗೆ ಮಾಡಿದ್ದು ಇದನ್ನೇ. ವಾದ್ಯ ಬೇರೆ, ವೇಷ ಬೇರೆ, ಕೆಲಸ ಒಂದು. ಆ ಹಾಡು ಕೇಳಿದವರೆಲ್ಲ ಪದ್ಯ ಓದಿದರೆಂದು ನಾನು ಹೇಳುವುದಿಲ್ಲ. ಹೆಚ್ಚಿನವರು ಕಪ್ಪು ಅಂಗಿ ತೊಟ್ಟು ತಲೆ ಕುಣಿಸಿದ್ದಷ್ಟೇ ಇರಬಹುದು. ಗಮಕ ಕೇಳಲು ಬಂದವರಲ್ಲಿಯೂ ಪ್ರಸಾದಕ್ಕೆ ಕಾದವರು ಇರಲಿಲ್ಲವೆ? ನೂರರಲ್ಲಿ ಒಬ್ಬನ ಕೈಗೆ ಮೂಲ ಪುಸ್ತಕ ಬಂದರೂ ಹಾಡಿದವನ ಶ್ರಮ ಸಾರ್ಥಕ.

ನನ್ನ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಬಹುಮಂದಿ ಈಗ ತಂದೆತಾಯಿಗಳು. ನಿಮ್ಮ ಮಕ್ಕಳು ಕಿವಿಗೆ ಏನನ್ನೋ ಸಿಕ್ಕಿಸಿಕೊಂಡು ಅವರ ಲೋಕದಲ್ಲಿರುತ್ತಾರೆಂದು ದೂರವಾಣಿಯಲ್ಲಿ ನನ್ನೊಡನೆ ಹೇಳಿಕೊಳ್ಳುತ್ತೀರಿ. ಗದರುವ ಮೊದಲು, ‘ಆ ಹಾಡಿನಲ್ಲಿ ಏನು ಕಥೆಯಿದೆ, ನನಗೂ ಹೇಳು’ ಎಂದು ಒಂದು ಸಲ ಕೇಳಿ ನೋಡಿ. ಕಥೆಯಿಲ್ಲದಿದ್ದರೆ ಅವರಿಗೇ ತಿಳಿಯುತ್ತದೆ. ಇದ್ದರೆ ನೀವು ಅದನ್ನು ಕೇಳಿಸಿಕೊಳ್ಳಿ. ಬದಲಿಗೆ ನಿಮ್ಮದೊಂದನ್ನು ಹೇಳಿ. ಕಿಂದರಿಜೋಗಿಯನ್ನಾದರೂ ಸರಿ, ರಾಗವಾಗಿಯೇ ಹೇಳಿ. ದನಿ ಚೆನ್ನಾಗಿಲ್ಲವೆಂಬ ಸಂಕೋಚ ಬೇಡ. ನನ್ನ ದನಿ ಹೇಗಿತ್ತೆಂಬುದು ನಿಮಗೆ ಗೊತ್ತೇ ಇದೆ.